ಗೋಖಲೆ ಅವರಿಂದ ನಮಗೆ ನಿಜವಾಗಿ ಸಿಕ್ಕಿದ್ದೇನು?

ಮಲೆನಾಡ ಓದುಗ:
ಎಲ್ಲರಿಗೂ ನಮಸ್ಕಾರ. ಗೋಪಾಲಕೃಷ್ಣ ಗೋಖಲೆ ಬಗ್ಗೆ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಶಾಲೆಯ ಪಾಠದಲ್ಲಿ ನಾವು ಅವರ ಬಗ್ಗೆ ಓದಿದ್ದು ಎರಡೇ ಮಾತು. ಮಂದಗಾಮಿ ನಾಯಕ, ಗಾಂಧೀಜಿಯ ರಾಜಕೀಯ ಗುರು. ತಿಲಕರ ವಿಷಯ ಬಂದರೆ ಮಾತ್ರ ಕೇಸರಿ ಪತ್ರಿಕೆ, ಗಣೇಶೋತ್ಸವ, ಮಂಡಾಲೆ ಜೈಲು ಎಲ್ಲವೂ ಇರುತ್ತದೆ.

1902ರಿಂದ 1915ರಲ್ಲಿ ಸಾಯುವವರೆಗೆ ಗೋಖಲೆ ವೈಸರಾಯ್ ಅವರ ಶಾಸನ ಸಭೆಯಲ್ಲಿದ್ದರು. ಅಲ್ಲಿ ಸರ್ಕಾರದ ಕಡೆಯವರೇ ಜಾಸ್ತಿ. ಮೊದಲ ಕೆಲವು ವರ್ಷ ಬಜೆಟ್ ಮೇಲೆ ಮಾತಾಡಬಹುದಿತ್ತು, ಮತ ಹಾಕುವ ಹಾಗಿರಲಿಲ್ಲ. ಇಂಥ ಕಡೆ ಹದಿಮೂರು ವರ್ಷ ಮಾತಾಡಿದ್ದರಿಂದ ಜನರಿಗೆ ಏನು ಸಿಕ್ಕಿತು? ಅವರನ್ನು ಸಣ್ಣವರನ್ನಾಗಿ ಮಾಡಲು ಕೇಳುತ್ತಿಲ್ಲ. ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಗಡಿನಾಡಿಗ:
ಏನೂ ಸಿಗಲಿಲ್ಲ. ಅರ್ಜಿ ಕೊಟ್ಟರು, ಬ್ರಿಟಿಷರು ಓದಿ ಪಕ್ಕಕ್ಕಿಟ್ಟರು. ನಮ್ಮ ಬೆಳಗಾವಿ ಕಡೆ ಗಂಗಾಧರರಾವ್ ದೇಶಪಾಂಡೆಯವರಂಥವರು ತಿಲಕರ ಹಿಂದೆ ಹೋಗಿದ್ದು ಸುಮ್ನೆ ಅಲ್ಲ. ಜನ ಬೀದಿಗೆ ಬಂದದ್ದು ತಿಲಕರಿಂದ.

ಲೆಕ್ಕದ ಪುಸ್ತಕ:
ಗಡಿನಾಡಿಗರೇ, ಅಷ್ಟು ಬೇಗ ತೀರ್ಪು ಬೇಡ. ಉಪ್ಪಿನ ತೆರಿಗೆ ನೋಡಿ. 1902ರಲ್ಲಿ ಒಂದು ಮಣ (ಸುಮಾರು 37 ಕೆಜಿ) ಉಪ್ಪಿಗೆ ಎರಡೂವರೆ ರೂಪಾಯಿ ತೆರಿಗೆ ಇತ್ತು. 1903ರಲ್ಲಿ 2 ರೂಪಾಯಿ ಆಯಿತು. 1905ರಲ್ಲಿ ಒಂದೂವರೆ. 1907ರಲ್ಲಿ 1 ರೂಪಾಯಿ. ಆದಾಯ ತೆರಿಗೆಯೂ ಹಾಗೇ. ವರ್ಷಕ್ಕೆ 500 ರೂಪಾಯಿ ದುಡಿದರೆ ತೆರಿಗೆ ಬೀಳುತ್ತಿತ್ತು. 1903ರಲ್ಲಿ ಆ ಮಿತಿ 1000 ಆಯಿತು. ಈ ಎರಡನ್ನೂ ಗೋಖಲೆ 1902ರ ಮಾರ್ಚ್‌ನಲ್ಲಿ ತಮ್ಮ ಮೊದಲ ಬಜೆಟ್ ಭಾಷಣದಲ್ಲೇ ಕೇಳಿದ್ದರು.

ಆ ಭಾಷಣದ ತಿರುಳು ಇದು. ಬಜೆಟ್‌ನಲ್ಲಿ ಕೋಟಿಗಟ್ಟಲೆ ಹಣ ಉಳಿದಿದೆ ಅಂತ ಸರ್ಕಾರ ಹೆಮ್ಮೆಯಿಂದ ಹೇಳಿತ್ತು. ಉಳಿತಾಯ ಅಂದರೆ ದೇಶ ಚೆನ್ನಾಗಿದೆ ಅಂತ ಅರ್ಥ ಅಂತ ಅವರ ವಾದ. ಗೋಖಲೆ ಎದ್ದು ನಿಂತು, ಬರಗಾಲದಲ್ಲಿ ಜನ ಸಾಯುತ್ತಿರುವಾಗ ಖಜಾನೆ ತುಂಬಿದ್ದರೆ ಅದು ಜನರಿಂದ ಬೇಕಾದ್ದಕ್ಕಿಂತ ಜಾಸ್ತಿ ಕಿತ್ತುಕೊಂಡದ್ದಕ್ಕೆ ಸಾಕ್ಷಿ ಅಂದರು. ಅದಕ್ಕೆ ಲೆಕ್ಕವನ್ನೂ ಕೊಟ್ಟರು. 1893ರಲ್ಲಿ ಟಂಕಸಾಲೆಗಳಲ್ಲಿ ಬೆಳ್ಳಿ ರೂಪಾಯಿಯನ್ನು ಬೇಕಾದ ಹಾಗೆ ಅಚ್ಚು ಹಾಕಿಸುವುದನ್ನು ನಿಲ್ಲಿಸಿದ ಮೇಲೆ ರೂಪಾಯಿ ಬೆಲೆ ಕೃತಕವಾಗಿ ಏರಿತು. 13 ಪೆನ್ನಿ ಹತ್ತಿರ ಇದ್ದದ್ದು 16 ಪೆನ್ನಿಗೆ ಬಂತು. ಲಂಡನ್‌ಗೆ ವರ್ಷವರ್ಷ ಕಳಿಸಬೇಕಾದ ಹಣಕ್ಕೆ ಕಡಿಮೆ ರೂಪಾಯಿ ಸಾಕಾಯಿತು. ಆದರೆ ರೂಪಾಯಿ ಕುಸಿದಾಗ ಆ ನೆಪದಲ್ಲಿ ಏರಿಸಿದ್ದ ತೆರಿಗೆಗಳು ಹಾಗೇ ಉಳಿದುಕೊಂಡವು. ಉಳಿತಾಯ ಬಂದದ್ದು ಅಲ್ಲಿಂದ. ಅಧಿಕಾರಿಗಳದ್ದೇ ಅಂಕಿಗಳನ್ನು ಅವರ ಮುಂದೆ ಇಟ್ಟು ಮಾತಾಡಿದಾಗ ಇಲ್ಲ ಅನ್ನುವುದು ಸುಲಭವಲ್ಲ.

ಗಡಿನಾಡಿಗ:
ಸಾರ್, ಖಜಾನೆ ತುಂಬಿತ್ತು, ಅದಕ್ಕೆ ಇಳಿಸಿದರು. ಗೋಖಲೆ ಮಾತಾಡದಿದ್ದರೂ ಇಳಿಯುತ್ತಿತ್ತು.

ಲೆಕ್ಕದ ಪುಸ್ತಕ:
ಖಜಾನೆ ತುಂಬಿದರೆ ಸರ್ಕಾರ ತಾನಾಗಿ ತೆರಿಗೆ ಇಳಿಸುತ್ತದೆಯೇ? ಆಗ ಹಣ ಹೋಗುತ್ತಿದ್ದುದು ಸೈನ್ಯಕ್ಕೆ, ಗಡಿ ದಂಡಯಾತ್ರೆಗೆ. ಉಪ್ಪು ಕೊಳ್ಳುವ ಬಡವನ ಪರವಾಗಿ ಆ ಸಭೆಯಲ್ಲಿ ಯಾರಾದರೂ ಮಾತಾಡಬೇಕಿತ್ತು. ಒಬ್ಬರಿಂದಲೇ ಆಯಿತು ಅಂತ ನಾನೂ ಹೇಳುವುದಿಲ್ಲ. ಆದರೆ ಅವರು ಕೇಳಿದ ಮರುವರ್ಷವೇ, ಕೇಳಿದ ಎರಡು ತೆರಿಗೆಗಳಲ್ಲೇ ಇಳಿಕೆ ಆಯಿತು. ಅದನ್ನು ಬರೀ ಕಾಕತಾಳೀಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸುಜಾತಾ ಮೇಷ್ಟ್ರಮ್ಮ:
ನನಗೆ ಗೋಖಲೆ ಅಂದರೆ ಉಪ್ಪಿಗಿಂತ ಮೊದಲು ನೆನಪಾಗುವುದು 1911ರ ಶಿಕ್ಷಣ ಮಸೂದೆ. ಮಾರ್ಚ್ 16ರಂದು ಮಂಡಿಸಿದರು. ಎಲ್ಲ ಹುಡುಗ ಹುಡುಗಿಯರಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ. ಒಂದು ವರ್ಷ ಇಡೀ ದೇಶದಲ್ಲಿ ಅದರ ಬಗ್ಗೆ ಚರ್ಚೆ ಆಯಿತು. 1912ರ ಮಾರ್ಚ್‌ನಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು.

ಅದನ್ನು ವಿರೋಧಿಸಿದವರು ಬರೀ ಇಂಗ್ಲಿಷ್ ಅಧಿಕಾರಿಗಳಲ್ಲ, ಇದನ್ನು ಗಮನಿಸಿ. ನಮ್ಮ ಜಮೀನ್ದಾರರೂ ವಿರೋಧಿಸಿದರು. ಕೂಲಿ ಮಾಡುವವರ ಮಕ್ಕಳು ಶಾಲೆಗೆ ಹೋದರೆ ಹೊಲದಲ್ಲಿ ಕೆಲಸಕ್ಕೆ ಯಾರು ಬರುತ್ತಾರೆ ಅನ್ನುವುದು ಅವರ ಭಯ. ಮಸೂದೆ ಬೀಳುತ್ತದೆ ಅಂತ ಗೋಖಲೆಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಭಾಷಣದಲ್ಲೇ ಹೇಳಿದರು. ಈ ತಲೆಮಾರಿನ ನಾವು ನಮ್ಮ ಸೋಲುಗಳಿಂದಲೇ ದೇಶಸೇವೆ ಮಾಡಬೇಕಾಗಿದೆ, ಗೆದ್ದು ಸೇವೆ ಮಾಡುವವರು ಮುಂದೆ ಬರುತ್ತಾರೆ ಅಂದರು. ಆ ಮಾತು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕು ಆಗಲು 2002ರ ತಿದ್ದುಪಡಿ ಬರಬೇಕಾಯಿತು. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅವರು ಮಂಡಿಸಿದ ಮೇಲೆ 99 ವರ್ಷ!

ಕಡತ ಪ್ರಿಯ:
ಮೇಡಂ, ಒಂದು ತಿದ್ದುಪಡಿ. ಆ ಮಸೂದೆಯಲ್ಲಿ ಕಡ್ಡಾಯ ಇದ್ದದ್ದು ಸದ್ಯಕ್ಕೆ ಹುಡುಗರಿಗೆ, 6ರಿಂದ 10 ವರ್ಷದವರಿಗೆ. ಹುಡುಗಿಯರಿಗೆ ಆಮೇಲೆ ವಿಸ್ತರಿಸಬಹುದು ಅಂತ ಇತ್ತು. ಇಡೀ ದೇಶಕ್ಕೆ ಒಂದೇ ಸಲ ಅಲ್ಲ. ಯಾವ ಪುರಸಭೆ ಅಥವಾ ಜಿಲ್ಲಾ ಬೋರ್ಡ್‌ಗೆ ಬೇಕೋ ಅದು ಸರ್ಕಾರದ ಒಪ್ಪಿಗೆ ಪಡೆದು ಜಾರಿ ಮಾಡಬಹುದು. ತಂದೆಯ ಆದಾಯ ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಇದ್ದರೆ ಫೀಸು ಇಲ್ಲ. ಇಷ್ಟು ಮೆತ್ತಗಿನ ಮಸೂದೆಯನ್ನೂ ಅವರು ಒಪ್ಪಲಿಲ್ಲ ಅನ್ನುವುದೇ ದೊಡ್ಡ ವಿಷಯ.

ಸುಜಾತಾ ಮೇಷ್ಟ್ರಮ್ಮ:
ಸರಿ ಸಾರ್. ಆದರೆ ಹುಡುಗಿಯರನ್ನು ಯಾಕೆ ಆಮೇಲಕ್ಕೆ ಬಿಟ್ಟರು ಅನ್ನುವುದು ನನ್ನನ್ನು ಕಾಡುತ್ತದೆ. ಹೆಣ್ಣುಮಕ್ಕಳ ಶಿಕ್ಷಣದ ಪರ ಮಾತಾಡಿದವರೇ ಕಾನೂನು ಬರೆಯುವಾಗ ಹಿಂದೆ ಸರಿದರು.

ಕಡತ ಪ್ರಿಯ:
ಜನ ಸಿಟ್ಟಾಗಿ ಇಡೀ ಮಸೂದೆಯನ್ನೇ ತಿರಸ್ಕರಿಸುತ್ತಾರೆ ಅಂತ ಅವರ ಎಣಿಕೆ. ಅವರ ಕೆಲಸದ ರೀತಿಯೇ ಅದು. ಸಿಗುವಷ್ಟು ಕೇಳು, ಮುಂದಿನ ಸಲ ಸ್ವಲ್ಪ ಹೆಚ್ಚು ಕೇಳು.

ಗಡಿನಾಡಿಗ:
ಕೊನೆಗೆ ಆ ಸ್ವಲ್ಪವೂ ಸಿಗಲಿಲ್ಲವಲ್ಲ. ಹಾಗಾದರೆ ಪೂರ್ತಿ ಕೇಳಿಯೇ ಸೋಲಬಹುದಿತ್ತು.

ಹಳೇ ಮೈಸೂರು:
ಶಿಕ್ಷಣದ ವಿಷಯದಲ್ಲಿ ಸಂಸ್ಥಾನಗಳನ್ನು ಮರೆಯಬೇಡಿ. ಬರೋಡಾದ ಸಯಾಜಿರಾವ್ ಗಾಯಕವಾಡರು 1906ರಲ್ಲೇ ತಮ್ಮ ರಾಜ್ಯದಲ್ಲಿ ಕಡ್ಡಾಯ ಶಿಕ್ಷಣ ತಂದಿದ್ದರು. ಗೋಖಲೆ ಅದನ್ನೇ ಉದಾಹರಣೆ ಕೊಟ್ಟು, ದೇಶದವನಾದ ಒಬ್ಬ ರಾಜನಿಂದ ಆಗುವುದು ನಿಮ್ಮಿಂದ ಯಾಕೆ ಆಗುವುದಿಲ್ಲ ಅಂತ ವಾದ ಮಾಡಿದರು. ಮಸೂದೆ ಬಿದ್ದ ಮರುವರ್ಷ, 1913ರಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆಗ ದಿವಾನರು ವಿಶ್ವೇಶ್ವರಯ್ಯ. ಪುಣೆಯಲ್ಲಿ ಎಂಜಿನಿಯರ್ ಆಗಿದ್ದ ಕಾಲದಿಂದಲೂ ರಾನಡೆ, ಗೋಖಲೆ ಅವರ ಬಳಗವನ್ನು ಹತ್ತಿರದಿಂದ ಬಲ್ಲವರು.

ಬ್ಯಾಂಕ್ ಕಾಲೋನಿ:
ಬೆಂಗಳೂರಿನವರಿಗೆ ಗೋಖಲೆ ಸಂಸ್ಥೆ ಗೊತ್ತಿರಬೇಕಲ್ಲ? ಬುಲ್ ಟೆಂಪಲ್ ರಸ್ತೆಯಲ್ಲಿ ಇರುವುದು. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಹೆಸರು ಇಟ್ಟ ರೀತಿಯಲ್ಲೇ ಡಿ.ವಿ.ಜಿ.ಗೆ ಅವರ ಮೇಲೆ ಎಷ್ಟು ಗೌರವ ಇತ್ತು ಅಂತ ತಿಳಿಯುತ್ತದೆ.

ಮಲೆನಾಡ ಓದುಗ:
ಅಲ್ಲಿ ಹೊರಗಿನವರು ಹೋಗಿ ಓದಬಹುದಾ?

ಬ್ಯಾಂಕ್ ಕಾಲೋನಿ:
ಹೋಗುವ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಜವಾರಿ ಮಾತು:
ಧಾರವಾಡದ ಸುದ್ದಿ ಯಾರೂ ಎತ್ತಲಿಲ್ಲವಲ್ಲ? 1903ರ ಏಪ್ರಿಲ್ 27ರಂದು ಧಾರವಾಡದಲ್ಲಿ ಸಾಮಾಜಿಕ ಪರಿಷತ್ತು ನಡೆಯಿತು. ಅಲ್ಲಿ ಗೋಖಲೆ ಅಸ್ಪೃಶ್ಯತೆಯ ವಿರುದ್ಧ ನಿರ್ಣಯ ಮಂಡಿಸಿ ಮಾತಾಡಿದರು. ನಾವು ಬೆಕ್ಕನ್ನು ಮುಟ್ಟುತ್ತೇವೆ, ನಾಯಿಯನ್ನು ಮುಟ್ಟುತ್ತೇವೆ, ಇನ್ಯಾವ ಪ್ರಾಣಿಯನ್ನಾದರೂ ಮುಟ್ಟುತ್ತೇವೆ, ಆದರೆ ಈ ಮನುಷ್ಯರನ್ನು ಮುಟ್ಟಿದರೆ ಮೈಲಿಗೆ ಅನ್ನುತ್ತೇವೆ ಅಂತ ನೇರವಾಗಿ ಹೇಳಿದರು. ಅದೇ ಮನುಷ್ಯ ಕ್ರೈಸ್ತನಾಗಿ ಕೋಟು ಹಾಕಿಕೊಂಡು ಬಂದರೆ ಕೈ ಕುಲುಕುತ್ತೇವೆ ಅಂತಲೂ ಅಂದರು. 1903ರಲ್ಲಿ, ಧಾರವಾಡದ ಮೇಲ್ಜಾತಿಯ ಸಭಿಕರ ಮುಂದೆ, ಒಬ್ಬ ಚಿತ್ಪಾವನ ಬ್ರಾಹ್ಮಣ ಇದನ್ನು ಹೇಳಿದ್ದು ಸಣ್ಣ ಮಾತಲ್ಲ.

ಅದೇ ಭಾಷಣದಲ್ಲಿ ಗುರು ರಾನಡೆಯವರ ಪ್ರಸಂಗ ಒಂದನ್ನು ನೆನೆಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರು ಪಡುವ ಅವಮಾನದ ಬಗ್ಗೆ ರಾನಡೆ ಮಾತಾಡುತ್ತಿದ್ದರು. ಕೇಳುವವರಿಗೆಲ್ಲ ಬಿಳಿಯರ ಮೇಲೆ ಸಿಟ್ಟು ಏರಿತ್ತು. ಆಗ ರಾನಡೆ ತಟ್ಟನೆ ತಿರುಗಿ, ನಾವು ನಮ್ಮವರನ್ನೇ ನಡೆಸಿಕೊಳ್ಳುವ ರೀತಿ ಇದಕ್ಕಿಂತ ಬೇರೆಯೇ ಅಂತ ಕೇಳಿದರಂತೆ. ಗೋಖಲೆಗೆ ರಾಜಕೀಯ ಬೇರೆ, ಸಮಾಜ ಸುಧಾರಣೆ ಬೇರೆ ಆಗಿರಲಿಲ್ಲ. ತಿಲಕರಿಗೂ ಇವರಿಗೂ ಮೊದಲು ಬಿರುಕು ಬಿಟ್ಟದ್ದು ಇಲ್ಲೇ.

ನೇರ ನುಡಿ:
ಸುಧಾರಕರು ಅಂತ ಹೊಗಳುವಾಗ ಒಂದು ವಿಷಯ ಮುಚ್ಚಿಡಬಾರದು. ಮೊದಲ ಹೆಂಡತಿ ಸಾವಿತ್ರಿಬಾಯಿ ಬದುಕಿರುವಾಗಲೇ ಗೋಖಲೆ 1887ರಲ್ಲಿ ಎರಡನೇ ಮದುವೆ ಆದರು.

ಸುಜಾತಾ ಮೇಷ್ಟ್ರಮ್ಮ:
ಹೌದು, ಆದದ್ದು ನಿಜ. ಮೊದಲ ಹೆಂಡತಿಗೆ ವಾಸಿಯಾಗದ ಚರ್ಮರೋಗ ಇತ್ತು, ಮನೆಯ ಹಿರಿಯರ ಒತ್ತಾಯ ಇತ್ತು ಅಂತ ಕಾರಣ ಕೊಡುತ್ತಾರೆ. ಆ ಕಾರಣ ನನಗೆ ಒಪ್ಪಿಗೆ ಆಗುವುದಿಲ್ಲ. ಸಾವಿತ್ರಿಬಾಯಿ ಏನು ಅನುಭವಿಸಿದರು ಅಂತ ಯಾರೂ ಕೇಳುವುದಿಲ್ಲ.

ಲೆಕ್ಕದ ಪುಸ್ತಕ:
ಆಗ ಅವರಿಗೆ 21 ವರ್ಷ. ಅಣ್ಣನ ಋಣ ಹೊತ್ತಿದ್ದ ಹುಡುಗ. ತಂದೆ ತೀರಿಕೊಂಡ ಮೇಲೆ ಅಣ್ಣ ಗೋವಿಂದರಾಯರು 15 ರೂಪಾಯಿ ಸಂಬಳದಲ್ಲಿ 8 ರೂಪಾಯಿ ತಮ್ಮನ ಓದಿಗೆ ಕಳಿಸುತ್ತಿದ್ದರು. ಮನೆಯವರಿಗೆ ಎದುರು ನಿಲ್ಲಲು ಆಗಲಿಲ್ಲ ಅನ್ನಿಸುತ್ತದೆ.

ಸುಜಾತಾ ಮೇಷ್ಟ್ರಮ್ಮ:
ಅಣ್ಣನ ಋಣವನ್ನು ಹೆಂಡತಿ ಯಾಕೆ ತೀರಿಸಬೇಕು ಸಾರ್?

ನೇರ ನುಡಿ:
ಮೇಡಂ ಹೇಳಿದ್ದು ಸರಿ.

ಗಡಿನಾಡಿಗ:
1897ರ ಕ್ಷಮಾಪಣೆ ಬಗ್ಗೆಯೂ ಮಾತಾಡೋಣ. ಸೈನಿಕರ ವಿರುದ್ಧ ಆರೋಪ ಮಾಡಿ, ಒತ್ತಡ ಬಂದಾಗ ಬೇಷರತ್ ಕ್ಷಮೆ ಕೇಳಿದವರು ಇವರೇ. ಅದೇ ಸಮಯದಲ್ಲಿ ತಿಲಕರು ಜೈಲಿಗೆ ಹೋದರು.

ಕಡತ ಪ್ರಿಯ:
ಪೂರ್ತಿ ಹೇಳಿದರೆ ಚಿತ್ರ ಬೇರೆ ಆಗುತ್ತದೆ. 1897ರಲ್ಲಿ ಭಾರತದ ಖರ್ಚುವೆಚ್ಚ ವಿಚಾರಿಸಲು ಕೂತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಗೋಖಲೆ ಲಂಡನ್‌ಗೆ ಹೋಗಿದ್ದರು. ಆಗ ಪುಣೆಯಲ್ಲಿ ಪ್ಲೇಗ್. ಸೈನಿಕರು ಮನೆಮನೆಗೆ ನುಗ್ಗಿ ತಪಾಸಣೆ ಮಾಡುತ್ತಿದ್ದರು. ಹೆಂಗಸರ ಮೇಲೆ ಅತ್ಯಾಚಾರ ಆಗಿದೆ ಅಂತ ಊರಿನಿಂದ ಪತ್ರ ಬಂತು. ಅದನ್ನು ನಂಬಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿದರು. ಅಷ್ಟರಲ್ಲಿ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿತು. ಊರೆಲ್ಲ ಪೊಲೀಸರ ಕಣ್ಗಾವಲು. ಗೋಖಲೆ ವಾಪಸ್ ಬಂದಾಗ ಸರ್ಕಾರ ಪುರಾವೆ ಕೇಳಿತು. ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಪತ್ರ ಬರೆದವರ ಹೆಸರು ಕೊಟ್ಟಿದ್ದರೆ ಇವರು ಪಾರಾಗುತ್ತಿದ್ದರು. ಕೊಡಲಿಲ್ಲ. ಎಲ್ಲ ಹೊಣೆ ತಾವೇ ಹೊತ್ತು ಕ್ಷಮೆ ಕೇಳಿದರು.

ಆಗ ಊರವರಿಂದ ಸಿಕ್ಕಿದ್ದು ಹೇಡಿ ಅನ್ನುವ ಬೈಗುಳ. ನನ್ನ ಪ್ರಕಾರ ಪುರಾವೆ ಇಲ್ಲದ ಮಾತನ್ನು ಹಿಂದೆ ತೆಗೆದುಕೊಳ್ಳುವುದಕ್ಕೂ ಎದೆಗಾರಿಕೆ ಬೇಕು. ಆಮೇಲೆ ಒಂದೊಂದು ಅಂಕಿಯನ್ನೂ ಹತ್ತು ಸಲ ನೋಡಿ ಮಾತಾಡುವ ಗೋಖಲೆ ಹುಟ್ಟಿದ್ದು ಈ ಏಟಿನಿಂದಲೇ ಅಂತ ನನಗೆ ಅನ್ನಿಸುತ್ತದೆ.

ಗಡಿನಾಡಿಗ:
ಹೆಸರು ಕೊಡಲಿಲ್ಲ ಅನ್ನುವುದು ಮೆಚ್ಚತಕ್ಕದ್ದು, ಒಪ್ಪುತ್ತೇನೆ. ಆದರೆ ಪುಣೆಯ ಜನ ಆಗ ಯಾಕೆ ನೊಂದುಕೊಂಡರು ಅನ್ನುವುದೂ ಅರ್ಥ ಆಗುತ್ತದೆ ಅಲ್ವಾ? ಮನೆಗೆ ಸೈನಿಕರು ನುಗ್ಗಿದ್ದಂತೂ ಸುಳ್ಳಲ್ಲ.

ಹೊಸ ಚಿಗುರು:
ನಾನು ಪಿಯುಸಿ ವಿದ್ಯಾರ್ಥಿನಿ. ಗೋಖಲೆ ಮೊದಲು ಮೇಷ್ಟ್ರಾಗಿದ್ದರು ಅಂತ ಓದಿದ್ದೆ. ಯಾವ ವಿಷಯ ಹೇಳುತ್ತಿದ್ದರು?

ಲೆಕ್ಕದ ಪುಸ್ತಕ:
ಗಣಿತ ಹೇಳುತ್ತಿದ್ದರಮ್ಮ. ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರವನ್ನೂ ಹೇಳಿದರು. ಅವರು ಬರೆದ ಅಂಕಗಣಿತದ ಪಠ್ಯ ಶಾಲೆಗಳಲ್ಲಿ ಬಹಳ ಕಾಲ ನಡೆಯಿತು. ಪುಣೆಯ ಫರ್ಗುಸನ್ ಕಾಲೇಜು ನಡೆಸುವ ಸಂಸ್ಥೆಗೆ ಸೇರುವವರು ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ 20 ವರ್ಷ ದುಡಿಯುತ್ತೇವೆ ಅಂತ ಮಾತು ಕೊಡಬೇಕಿತ್ತು. ಗೋಖಲೆ ಕೊಟ್ಟರು. ಅವರಷ್ಟು ಓದಿದವರು ಸರ್ಕಾರಿ ಕೆಲಸಕ್ಕೆ ಹೋಗಿದ್ದರೆ ಇದರ ಎಷ್ಟೋ ಪಟ್ಟು ಸಿಗುತ್ತಿತ್ತು.

ಹೊಸ ಚಿಗುರು:
ಧನ್ಯವಾದ ಸಾರ್. ಗಾಂಧೀಜಿ ಅವರನ್ನು ಗುರು ಅಂದದ್ದು ಯಾಕೆ? ಇಬ್ಬರ ದಾರಿ ಬೇರೆ ಬೇರೆ ಅಲ್ವಾ?

ಜವಾರಿ ಮಾತು:
ಒಳ್ಳೇ ಪ್ರಶ್ನೆ. ಇಬ್ಬರೂ ಮೊದಲು ಭೇಟಿ ಆದದ್ದು 1896ರಲ್ಲಿ, ಪುಣೆಯಲ್ಲಿ. ಗಾಂಧೀಜಿಯೇ ಬರೆದಿದ್ದಾರೆ. ಮುಂಬೈಯ ಮಂದಗಾಮಿ ನಾಯಕ ಫಿರೋಜ್ ಷಾ ಮೆಹ್ತಾ ಹಿಮಾಲಯದ ಹಾಗೆ ಕಂಡರು, ತಿಲಕರು ಸಾಗರದ ಹಾಗೆ ಕಂಡರು, ಗೋಖಲೆ ಗಂಗೆಯ ಹಾಗೆ, ಇಳಿದು ಮೀಯಬಹುದು ಅನ್ನಿಸಿತು ಅಂತ. 1901ರ ಕಲಕತ್ತಾ ಕಾಂಗ್ರೆಸ್ ಮುಗಿದ ಮೇಲೆ ಸುಮಾರು ಒಂದು ತಿಂಗಳು ಗೋಖಲೆ ಜೊತೆಯಲ್ಲೇ ಇದ್ದರು.

ಇನ್ನೊಂದು ದೊಡ್ಡ ಕೊಂಡಿ ದಕ್ಷಿಣ ಆಫ್ರಿಕಾ. ಇಲ್ಲಿಂದ ಕರಾರಿನ ಮೇಲೆ ಕೂಲಿಗಳನ್ನು ನಟಾಲ್‌ಗೆ ಹಡಗಿನಲ್ಲಿ ಕಳಿಸುತ್ತಿದ್ದರು. 1910ರಲ್ಲಿ ಗೋಖಲೆ ಶಾಸನ ಸಭೆಯಲ್ಲಿ ಅದನ್ನು ನಿಲ್ಲಿಸಬೇಕು ಅಂತ ನಿರ್ಣಯ ತಂದರು. ಸರ್ಕಾರ ಒಪ್ಪಿತು. 1911ರಿಂದ ನಟಾಲ್‌ಗೆ ಕಳಿಸುವುದು ನಿಂತಿತು. ಮಲೆನಾಡ ಓದುಗರೇ, ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ.

1912ರ ಅಕ್ಟೋಬರ್‌ನಲ್ಲಿ ಅವರೇ ದಕ್ಷಿಣ ಆಫ್ರಿಕಾಕ್ಕೆ ಹೋದರು. ಸಕ್ಕರೆ ಕಾಯಿಲೆಯಿಂದ ಮೈ ಸೋತಿತ್ತು. ಕರಾರು ಮುಗಿಸಿ ಅಲ್ಲೇ ಉಳಿದ ಕೂಲಿಗಳ ಮೇಲೆ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಇತ್ತು. ಗೋಖಲೆ ಪ್ರಿಟೋರಿಯಾದಲ್ಲಿ ಅಲ್ಲಿನ ಪ್ರಧಾನಿ ಬೋಥಾ, ಮಂತ್ರಿ ಸ್ಮಟ್ಸ್ ಜೊತೆ ಮಾತಾಡಿ ಬಂದು, ಒಂದು ವರ್ಷದಲ್ಲಿ ಕಂದಾಯ ಹೋಗುತ್ತದೆ ಅಂದರು. ಗಾಂಧೀಜಿಗೆ ನಂಬಿಕೆ ಬರಲಿಲ್ಲ. ಆ ಸರ್ಕಾರ ಮಾತು ತಪ್ಪಿತು. 1913ರ ದೊಡ್ಡ ಸತ್ಯಾಗ್ರಹಕ್ಕೆ ಈ ಕಂದಾಯ ಮುಖ್ಯ ಕಾರಣ ಆಯಿತು. ಗಣಿ ಕೆಲಸಗಾರರು ಸಾವಿರಗಟ್ಟಲೆ ಮುಷ್ಕರ ಹೂಡಿದರು, ಹೆಂಗಸರು ಜೈಲಿಗೆ ಹೋದರು. ಇಲ್ಲಿ ಗೋಖಲೆ ಕಾಯಿಲೆಯಲ್ಲೇ ಊರೂರಿಂದ ಹಣ ಒಟ್ಟುಮಾಡಿ ಕಳಿಸಿದರು. 1914ರಲ್ಲಿ ಕಂದಾಯ ರದ್ದಾಯಿತು.

ಗಡಿನಾಡಿಗ:
ನೀವು ಹೇಳಿದ್ದರಲ್ಲೇ ನನ್ನ ವಾದ ಇದೆ ಅಣ್ಣಾ. ಗೋಖಲೆ ಮಾತುಕತೆ ಮಾಡಿ ಬಂದರು, ಸಿಗಲಿಲ್ಲ. ಕೂಲಿಗಳು ಬೀದಿಗೆ ಇಳಿದರು, ಸಿಕ್ಕಿತು.

ಜವಾರಿ ಮಾತು:
ಮಾತು ಕೊಟ್ಟು ತಪ್ಪಿದರು ಅಂತ ಎಲ್ಲರ ಮುಂದೆ ಹೇಳಲು ಮೊದಲು ಯಾರಾದರೂ ಮಾತು ಪಡೆದಿರಬೇಕು. ಭಾರತದಲ್ಲಿ ಆ ಸುದ್ದಿ ಹಬ್ಬಿಸಿ, ವೈಸರಾಯ್ ಹಾರ್ಡಿಂಜ್ ಸಹ ಕೂಲಿಗಳ ಪರ ಮಾತಾಡುವ ಹಾಗೆ ಆದದ್ದರಲ್ಲಿ ಗೋಖಲೆ ಪಾಲು ದೊಡ್ಡದು. ಒಂದು ದಾರಿ ಇನ್ನೊಂದರ ವೈರಿ ಅಂತ ಯಾಕೆ ನೋಡಬೇಕು?

ಗಡಿನಾಡಿಗ:
ಸೂರತ್‌ನಲ್ಲಿ ಮಂದಗಾಮಿಗಳೇ ಹಾಗೆ ನೋಡಿದರು. 1907ರ ಡಿಸೆಂಬರ್. ನಾಗಪುರದಲ್ಲಿ ಆಗಬೇಕಿದ್ದ ಕಾಂಗ್ರೆಸ್ ಅಧಿವೇಶನವನ್ನು ಸೂರತ್‌ಗೆ ಒಯ್ದರು. ಚಪ್ಪಲಿ ಹಾರಿತು, ಕುರ್ಚಿ ಹಾರಿತು, ಕಾಂಗ್ರೆಸ್ ಒಡೆಯಿತು. ತಿಲಕರ ಗುಂಪನ್ನು ಹೊರಗಿಟ್ಟರು. ಮರುವರ್ಷ ಸರ್ಕಾರ ತಿಲಕರನ್ನು ಮಂಡಾಲೆಗೆ ಕಳಿಸುವಾಗ ಅವರ ಬೆನ್ನಿಗೆ ಪಕ್ಷ ಇರಲಿಲ್ಲ.

ಕಡತ ಪ್ರಿಯ:
ಸೂರತ್ ವಿಷಯದಲ್ಲಿ ಮಂದಗಾಮಿಗಳದ್ದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯವೂ ಹೌದು. ಅದಕ್ಕೆ ಮೆಹ್ತಾ ಹಟ ಹೆಚ್ಚು ಕಾರಣ, ಆದರೆ ಗೋಖಲೆಯೂ ಜೊತೆಗಿದ್ದರು. ಅದೇ ವರ್ಷ ಲಜಪತರಾಯರನ್ನು ಗಡೀಪಾರು ಮಾಡಿದಾಗ ಅವರ ಬಿಡುಗಡೆಗೆ ಗೋಖಲೆ ಓಡಾಡಿದ್ದರು ಅನ್ನುವುದನ್ನೂ ಸೇರಿಸಿ ನೋಡಿ. 1905ರಲ್ಲಿ ಬನಾರಸ್ ಅಧಿವೇಶನದ ಅಧ್ಯಕ್ಷರಾಗಿ, ವೈಸರಾಯ್ ಆಗಿದ್ದ ಕರ್ಜನ್ ಆಡಳಿತವನ್ನು ಔರಂಗಜೇಬನ ಆಡಳಿತಕ್ಕೆ ಹೋಲಿಸಿದವರೂ ಇವರೇ. ಮೆತ್ತಗಿನ ಮನುಷ್ಯ ಹಾಗೆ ಮಾತಾಡುವುದಿಲ್ಲ.

ಬ್ಯಾಂಕ್ ಕಾಲೋನಿ:
ತಿಲಕರೇ ಏನು ಹೇಳಿದರು ನೋಡಿ. 1915ರ ಫೆಬ್ರವರಿ 19ರಂದು ಗೋಖಲೆ ತೀರಿಕೊಂಡರು. ಇನ್ನೂ 49 ತುಂಬಿರಲಿಲ್ಲ. ಅಂತ್ಯಕ್ರಿಯೆಗೆ ತಿಲಕರು ಬಂದು, ಇವರು ಭಾರತದ ವಜ್ರ, ಮಹಾರಾಷ್ಟ್ರದ ರತ್ನ, ದುಡಿಯುವವರಲ್ಲಿ ರಾಜ ಅಂದರು. ಇಪ್ಪತ್ತೈದು ವರ್ಷ ಎದುರಾಳಿಯಾಗಿದ್ದವರ ಬಾಯಲ್ಲಿ ಬಂದ ಮಾತು.

ಹೊಸ ಚಿಗುರು:
ಭಾರತ ಸೇವಕ ಸಮಾಜ ಅಂದರೆ ಏನು? ಅದೂ ಅವರದ್ದೇ ಅಲ್ವಾ?

ಸುಜಾತಾ ಮೇಷ್ಟ್ರಮ್ಮ:
ಹೌದಮ್ಮ. 1905ರ ಜೂನ್ 12ರಂದು ಪುಣೆಯಲ್ಲಿ ಶುರು ಮಾಡಿದರು. ಬಿಡುವಿದ್ದಾಗ ದೇಶಸೇವೆ ಮಾಡಿದರೆ ಸಾಲದು, ಜೀವನ ಪೂರ್ತಿ ಅದಕ್ಕೇ ಕೊಡುವವರು ಬೇಕು ಅನ್ನುವುದು ಅವರ ಯೋಚನೆ. ಸೇರುವವರು ಏಳು ಪ್ರತಿಜ್ಞೆ ಮಾಡಬೇಕು. ತನಗಾಗಿ ಹಣ ಗಳಿಸುವುದಿಲ್ಲ, ಜಾತಿ ಧರ್ಮ ನೋಡದೆ ಎಲ್ಲ ಭಾರತೀಯರನ್ನೂ ಅಣ್ಣತಮ್ಮಂದಿರಾಗಿ ಕಾಣುತ್ತೇನೆ, ಯಾರ ಜೊತೆಗೂ ಸ್ವಂತ ಜಗಳ ಮಾಡುವುದಿಲ್ಲ, ಹೀಗೆ. ಮೊದಲ ಐದು ವರ್ಷ ತರಬೇತಿ. ಬುಡಕಟ್ಟು ಜನರ ನಡುವೆ ದುಡಿದ ಠಕ್ಕರ್ ಬಾಪಾ, ಕಾರ್ಮಿಕರ ಸಂಘಟನೆ ಕಟ್ಟಿದ ಎನ್.ಎಂ. ಜೋಶಿ ಇಲ್ಲಿಂದಲೇ ಬಂದವರು. ಗಾಂಧೀಜಿ ಸಹ ಸೇರಬೇಕು ಅಂದುಕೊಂಡಿದ್ದರು. ಗೋಖಲೆ ಹೋದ ಮೇಲೆ ಸದಸ್ಯರಲ್ಲಿ ಒಮ್ಮತ ಇಲ್ಲ ಅಂತ ತಿಳಿದು ತಾವೇ ಹಿಂದೆ ಸರಿದರು.

ನೇರ ನುಡಿ:
ಅದೇ ಸಮಾಜದ ನಿಯಮಗಳ ಪೀಠಿಕೆಯಲ್ಲಿ, ಬ್ರಿಟಿಷರ ಸಂಬಂಧ ಭಾರತದ ಒಳ್ಳೆಯದಕ್ಕೆ ದೇವರೇ ಕೊಟ್ಟದ್ದು ಅನ್ನುವ ಅರ್ಥದ ಮಾತೂ ಇದೆ. ಓದಿದರೆ ಬೇಸರ ಆಗುತ್ತದೆ. 1910ರ ಪತ್ರಿಕಾ ಕಾಯ್ದೆಯನ್ನೂ ಅವರು ವಿರೋಧಿಸಲಿಲ್ಲ. ಎಷ್ಟೋ ಪತ್ರಿಕೆಗಳು ಠೇವಣಿ ಕಟ್ಟಲಾಗದೆ ಮುಚ್ಚಿಹೋದ ಕಾಯ್ದೆ ಅದು.

ಲೆಕ್ಕದ ಪುಸ್ತಕ:
ಬಾಂಬು, ಕೊಲೆ ಹೆಚ್ಚಿದರೆ ಸಿಕ್ಕ ಸುಧಾರಣೆಯನ್ನೂ ಕಿತ್ತುಕೊಳ್ಳುತ್ತಾರೆ ಅಂತ ಹೆದರಿದರು. ಶಾಸನ ಸಭೆಗಳಲ್ಲಿ ಭಾರತೀಯರಿಗೆ ಹೆಚ್ಚು ಜಾಗ ಕೊಟ್ಟ 1909ರ ಮಾರ್ಲೆ ಮಿಂಟೊ ಸುಧಾರಣೆ ಆಗಷ್ಟೇ ಬಂದಿತ್ತು. ಆದರೂ ಪತ್ರಿಕಾ ಕಾಯ್ದೆಯನ್ನು ನಾನು ಸಮರ್ಥಿಸುವುದಿಲ್ಲ. 1907ರಲ್ಲಿ ಸಭೆ ನಿಷೇಧದ ಮಸೂದೆಯನ್ನು ಗಟ್ಟಿಯಾಗಿ ವಿರೋಧಿಸಿದವರು ಮೂರೇ ವರ್ಷಕ್ಕೆ ಇದನ್ನು ಒಪ್ಪಬಾರದಿತ್ತು.

ಮಲೆನಾಡ ಓದುಗ:
ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಬರುತ್ತದೆ ಅಂದುಕೊಂಡಿರಲಿಲ್ಲ. ಉಪ್ಪಿನ ತೆರಿಗೆ, ನಟಾಲ್ ಕೂಲಿಗಳು ಈ ಎರಡು ನನಗೆ ಪೂರ್ತಿ ಹೊಸದು. ಶಾಸನ ಸಭೆಯ ಭಾಷಣಗಳನ್ನು ಮೊದಲಿನಿಂದ ಓದಬೇಕು ಅಂತಿದ್ದೇನೆ. ಯಾವುದರಿಂದ ಶುರು ಮಾಡಲಿ?

ಕಡತ ಪ್ರಿಯ:
1902ರ ಬಜೆಟ್ ಭಾಷಣ ಮೊದಲು. ಅಂಕಿ ಜಾಸ್ತಿ ಇದೆ, ನಿಧಾನವಾಗಿ ಓದಿ. ಆಮೇಲೆ ಧಾರವಾಡದ್ದು, ಅದು ಚಿಕ್ಕದು. ಕೊನೆಗೆ 1911 ಮತ್ತು 1912ರ ಶಿಕ್ಷಣ ಮಸೂದೆಯ ಎರಡೂ ಭಾಷಣ.

ಗಡಿನಾಡಿಗ:
ಅದರ ಜೊತೆಗೆ 1908ರ ಮೊಕದ್ದಮೆಯಲ್ಲಿ ತಿಲಕರು ಕೋರ್ಟಿನಲ್ಲಿ ತಾವೇ ಮಾಡಿದ ವಾದವನ್ನೂ ಓದಿ. ಒಂದೇ ಕಡೆಯದನ್ನು ಓದಿ ತೀರ್ಮಾನಕ್ಕೆ ಬರಬೇಡಿ.